ಎಸ್ಸೆಸ್ಸೆಲ್ಸಿ ಮುಗಿಸಿ ಕೂತವರಿಗೊಂದು ಕೆಲಸ

ಕೇಳುಗರಿಗೆ ನಮಸ್ಕಾರ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿದೆ. ಪಿಯುಸಿ ಶುರುವಾಗಲು ಇನ್ನೂ ಟೈಮ್ ಇದೆ. ನಮ್ಮ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹುಡುಗ ಹುಡುಗಿಯರಿಗೆ ಈಗ ಮೊಬೈಲು, ಕ್ರಿಕೆಟ್ಟು ಬಿಟ್ಟರೆ ಬೇರೆ ಕೆಲಸ ಇಲ್ಲ. ಅದೇ ಬೀದಿಯ ಚಿಕ್ಕ ಮಕ್ಕಳು, ಅಪ್ಪ ಅಮ್ಮ ಮಾವಿನ ತೋಪಿಗೋ ಮಂಡಿಗೋ ಹೋದ ಮೇಲೆ, ಸುಮ್ನೆ ಬಿಸಿಲಲ್ಲಿ ಅಲೆಯುತ್ತಿರುತ್ತವೆ. ಇವರಿಬ್ಬರೂ ದಿನಾ ಅರ್ಧ ಗಂಟೆ ಒಂದೇ ಜಗಲಿ ಮೇಲೆ ಕೂತರೆ ಹೇಗೆ?

"ಪಾಠ ಮಾಡೋಕೆ ನಮಗೆಲ್ಲಿ ಬರುತ್ತೆ?" ಅನ್ನಬಹುದು ನೀವು. ಪಾಠ ಮಾಡಬೇಡಿ. ಅದಕ್ಕೆ ಟೀಚರ್ ಇದ್ದಾರೆ. ಮಗು ಓದುವುದನ್ನು ಕೇಳಿಸಿಕೊಳ್ಳಿ, ಅಷ್ಟೇ. ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಯಲ್ಲಿ, ಅಂದರೆ ಆಡುತ್ತಾ ಕಲಿಯುವ ತರಗತಿಯಲ್ಲಿ, ಒಂದರಿಂದ ಮೂರನೇ ಕ್ಲಾಸಿನವರೆಗಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ, ಪ್ರತಿಯೊಬ್ಬರ ಪಕ್ಕ ಕೂತು ದಿನಾ ಒಂದು ಪುಟ ಓದಿಸಲು ಆ ಟೀಚರ್‌ಗೆ ಪುರುಸೊತ್ತೆಲ್ಲಿ? ನಿಮಗಿದೆ, ಅಲ್ವಾ?

ಮಗುವಿಗೆ ಅ ಆ ಇ ಈ ಸಾಲಾಗಿ ಬರಲಿಲ್ಲ ಅಂತ ಬೈಯಬೇಡಿ. ನಲಿ-ಕಲಿ ಶುರುವಾಗುವುದೇ ರ, ಗ, ಸ, ದ, ಅ ಅಂತ. ಈ ಐದು ಬಂದರೆ ಅರಸ, ಗರಗಸ, ದಸರ ಎಲ್ಲ ಓದಬಹುದು.

ಇನ್ನು ಕೆಲವರು ಪುಸ್ತಕ ತೆಗೆದ ಕೂಡಲೇ ಪಟಪಟ ಅಂತ ಪುಟ ಮುಗಿಸುತ್ತಾರೆ. ನಂಬಬೇಡಿ! ಕೇಳಿ ಕೇಳಿ ಬಾಯಿಪಾಠ ಆಗಿರುತ್ತದೆ, ಕಣ್ಣು ಎಲ್ಲೋ ಇರುತ್ತದೆ. ಪುಟದ ನಡುವೆ ಒಂದು ಪದದ ಮೇಲೆ ಬೆರಳಿಟ್ಟು "ಇದೇನೋ ಪುಟ್ಟ?" ಅನ್ನಿ, ಗೊತ್ತಾಗುತ್ತದೆ.

ನಿಜವಾದ ಕಷ್ಟ ಒತ್ತಕ್ಷರದ್ದು. ಅಕ್ಕ, ಅಪ್ಪ ಸಲೀಸು. 'ಪುಸ್ತಕ' ಬಂದರೆ ತಡವರಿಸುತ್ತಾರೆ. ಎಲ್ಲಕ್ಕಿಂತ ಜಾಸ್ತಿ ಕಾಡುವುದು ಅರ್ಕಾವೊತ್ತು. 'ಸೂರ್ಯ' ಬರೆದಾಗ ರಕಾರದ ಗುರುತು ಯ ಆದ ಮೇಲೆ ಕೂತಿರುತ್ತದೆ, ಆದರೆ ಬಾಯಲ್ಲಿ ಅದೇ ಮೊದಲು ಬರಬೇಕು. ಮಗು 'ಸೂಯ್ರ' ಅಂದರೆ ದಡ್ಡ ಅಂತಲ್ಲ, ಪಾಪ, ಕಂಡ ಹಾಗೇ ಓದಿದೆ. ನಗಬೇಡಿ. ಕಾರ್ಯ, ವರ್ಷ, ಅರ್ಧ ಅಂತ ನಾಲ್ಕು ಪದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಓದಿಸಿ. ಹಾಗಂತ ಪ್ರತಿ ತಪ್ಪಿಗೂ ಅಡ್ಡ ಬಾಯಿ ಹಾಕಬೇಡಿ. ಸಾಲು ಮುಗಿಯಲಿ, ಎಷ್ಟೋ ಸಲ ಮಗುವೇ ಹಿಂದೆ ಹೋಗಿ ಸರಿ ಮಾಡಿಕೊಳ್ಳುತ್ತದೆ.

ಗಡಿ ಊರಲ್ಲವೇ ನಮ್ಮದು, ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಓದುವುದು ಕನ್ನಡ, ಕಥೆ ಅರ್ಥವಾಯಿತಾ ಅಂತ ತೆಲುಗಲ್ಲೇ ಕೇಳಿದರೆ ತಪ್ಪೇನು? ದೂರದ ಜಿಲ್ಲೆಯಿಂದ ಬಂದ ಮೇಷ್ಟ್ರಿಗೆ ತೆಲುಗು ಬರದೇ ಇರಬಹುದು. ಅದೇ ಬೀದಿಯ ಅಣ್ಣನಿಗೋ ಅಕ್ಕನಿಗೋ ಆ ತೊಂದರೆ ಇಲ್ಲ.

ಪುಸ್ತಕಕ್ಕೆ ಗ್ರಾಮ ಪಂಚಾಯಿತಿ ಲೈಬ್ರರಿಗೆ ಹೋಗಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ ಮಾಡಿದರು. ಅಂದರೆ ಓದುವ ಮಗುವಿಗೂ, ಓದಿಸುವ ನಿಮಗೂ. ಚಿತ್ರ ಜಾಸ್ತಿ, ಸಾಲು ಕಡಿಮೆ ಇರುವ ಪುಸ್ತಕ ತನ್ನಿ. ಕಲಿತದ್ದಕ್ಕಿಂತ ಸ್ವಲ್ಪ ಸುಲಭವಾಗಿದ್ದರೂ ಪರವಾಗಿಲ್ಲ.

ಇಬ್ಬರು ಮೂವರು ಮಕ್ಕಳು ಸಾಕು. ಹತ್ತು ಜನರನ್ನು ಸೇರಿಸಿದರೆ ಅದು ಟ್ಯೂಷನ್ ಆಗುತ್ತದೆ, ನೀವೂ ಕೋಲು ಹುಡುಕಲು ಶುರು ಮಾಡುತ್ತೀರಿ.

ನಮಸ್ಕಾರ.