ಮಾರ್ಚ್ 30ಕ್ಕೆ ಲಾಠಿ, ಏಪ್ರಿಲ್ 2ಕ್ಕೆ ಜೈಕಾರ: ಅರ್ಜೆಂಟೀನಾ ಫಾಕ್‌ಲ್ಯಾಂಡ್ ದ್ವೀಪಕ್ಕೆ ನುಗ್ಗಿದ್ದು ಯಾಕೆ?

[ತೆರೆಯ ಮೇಲೆ: ಬ್ಯೂನಸ್ ಐರಿಸ್‌ನ ಪ್ಲಾಸಾ ದೆ ಮಾಯೋ ಚೌಕ, ಹಳೆಯ ಚಿತ್ರ]

ನಮಸ್ಕಾರ. ಈ ಚೌಕವನ್ನು ಗಮನವಿಟ್ಟು ನೋಡಿ. ಅರ್ಜೆಂಟೀನಾದ ಅಧ್ಯಕ್ಷರ ಭವನದ ಎದುರಿಗೇ ಇದೆ. 1982ರ ಮಾರ್ಚ್ 30ರಂದು ಸಾವಿರಾರು ಕಾರ್ಮಿಕರು ಇಲ್ಲಿಗೆ ಹೊರಟಿದ್ದರು. ರೊಟ್ಟಿ ಕೊಡಿ, ಶಾಂತಿ ಕೊಡಿ, ಕೆಲಸ ಕೊಡಿ ಅಂತ ಕೂಗುತ್ತಿದ್ದರು. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದುಕೊಂಡು ಹೋದರು.

ಮೂರೇ ದಿನ. ಏಪ್ರಿಲ್ 2. ಅದೇ ಚೌಕದಲ್ಲಿ ಮತ್ತೆ ಜನಸಾಗರ. ಈ ಸಲ ಕೈಯಲ್ಲಿ ಬಾವುಟ, ಬಾಯಲ್ಲಿ ಜೈಕಾರ. ಭವನದ ಬಾಲ್ಕನಿಯಲ್ಲಿ ದೇಶವನ್ನಾಳುತ್ತಿದ್ದ ಸೇನಾಧಿಕಾರಿ ಜನರಲ್ ಗಾಲ್ತಿಯೇರಿ ಕೈಬೀಸುತ್ತಿದ್ದಾನೆ. ಆ ದಿನ ಬೆಳಗ್ಗೆ ಅವನ ಸೈನ್ಯ ಫಾಕ್‌ಲ್ಯಾಂಡ್ ದ್ವೀಪಗಳಿಗೆ ನುಗ್ಗಿತ್ತು.

[ನಕ್ಷೆ: ದಕ್ಷಿಣ ಅಟ್ಲಾಂಟಿಕ್]

ಅರ್ಜೆಂಟೀನಾದವರು ಈ ದ್ವೀಪಗಳನ್ನು ಮಾಲ್ವಿನಾಸ್ ಅನ್ನುತ್ತಾರೆ. ಬ್ರಿಟನ್ ಇವನ್ನು ವಶಮಾಡಿಕೊಂಡದ್ದು 1833ರಲ್ಲಿ. ಇದು ನಮ್ಮದು ಅಂತ ಅರ್ಜೆಂಟೀನಾದ ಮಕ್ಕಳು ಶಾಲೆಯಲ್ಲೇ ಕಲಿಯುತ್ತಾರೆ. ಆ ನೋವು ಸುಳ್ಳಲ್ಲ. ಆದರೆ ಸುಮಾರು 150 ವರ್ಷ ಕಾದವರು 1982ರಲ್ಲೇ ಯಾಕೆ ಹೊರಟರು? ಆ ದ್ವೀಪಗಳಲ್ಲಿದ್ದದ್ದು 1,800ರಷ್ಟು ಜನ, ಲಕ್ಷಾಂತರ ಕುರಿ, ಬೀಸುಗಾಳಿ.

ಉತ್ತರ ದ್ವೀಪದಲ್ಲಿಲ್ಲ. ಆ ಬಾಲ್ಕನಿಯ ಹಿಂದಿನ ಕೋಣೆಯಲ್ಲಿದೆ.

1976ರ ಮಾರ್ಚ್‌ನಲ್ಲಿ ಅಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಎದುರು ಮಾತಾಡಿದವರನ್ನು ರಾತ್ರೋರಾತ್ರಿ ಎತ್ತಿಕೊಂಡು ಹೋಗುತ್ತಿದ್ದರು. ಅವರಲ್ಲಿ ಎಷ್ಟೋ ಜನ ವಾಪಸ್ ಬರಲೇ ಇಲ್ಲ. ಹಾಗೆ ಕಾಣೆಯಾದವರು 30,000 ಅನ್ನುತ್ತವೆ ಮಾನವ ಹಕ್ಕುಗಳ ಸಂಘಟನೆಗಳು. 1977ರಿಂದ ಅವರ ತಾಯಂದಿರು ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಪ್ರತಿ ಗುರುವಾರ ಇದೇ ಚೌಕದಲ್ಲಿ ಸುತ್ತು ಹಾಕತೊಡಗಿದರು. 1981ರ ಹೊತ್ತಿಗೆ ಬೆಲೆಏರಿಕೆ ವರ್ಷಕ್ಕೆ ಶೇ. 100 ದಾಟಿತ್ತು. ಕಾರ್ಖಾನೆಗಳು ಮುಚ್ಚುತ್ತಿದ್ದವು. ಹೆದರಿಸಿ ಆಳುವ ಸರ್ಕಾರಕ್ಕೆ ಹೊಟ್ಟೆ ತುಂಬಿಸಲೂ ಆಗಲಿಲ್ಲ.

ಆ ಡಿಸೆಂಬರ್‌ನಲ್ಲಿ ಗಾಲ್ತಿಯೇರಿ ಕುರ್ಚಿ ಏರಿದ. ಅವನ ಬೆನ್ನಿಗೆ ನಿಂತವನು ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಅನಾಯಾ. ಮಾಲ್ವಿನಾಸ್ ಅವನ ಬಹುದಿನದ ಆಸೆ. ಚುನಾವಣೆಯಿಲ್ಲದೆ ಬಂದ ಗಾಲ್ತಿಯೇರಿಗೆ ಆಸರೆಯೆಂದರೆ ಜೊತೆಯ ಸೇನಾಧಿಕಾರಿಗಳೇ. ಹಾಗಾಗಿ ಅವರ ಆಸೆಯೇ ದೇಶದ ನೀತಿಯಾಯಿತು. 1982ರ ಜನವರಿಯಲ್ಲೇ ಗುಟ್ಟಾಗಿ ತಯಾರಿ ಶುರುವಾಯಿತು.

ಇಲ್ಲೊಂದು ಮಾತು ಹೇಳಲೇಬೇಕು. ಮಾರ್ಚ್ 30ರ ಮೆರವಣಿಗೆಗೆ ಹೆದರಿ ದಾಳಿ ಮಾಡಿದರು ಅನ್ನುವ ಕಥೆ ತುಂಬಾ ಓಡಾಡುತ್ತದೆ. ದಿನಾಂಕ ನೋಡಿ. ತೀರ್ಮಾನವಾದದ್ದು ಮಾರ್ಚ್ 26ಕ್ಕೆ. ಮೆರವಣಿಗೆಯ ಹೊತ್ತಿಗೆ ಹಡಗುಗಳು ಆಗಲೇ ಸಮುದ್ರದಲ್ಲಿದ್ದವು. ಮೊದಲಿನ ಲೆಕ್ಕದಲ್ಲಿ ದಾಳಿ ಆ ವರ್ಷ ಇನ್ನೂ ತಡವಾಗಿ ಆಗಬೇಕಿತ್ತು. ಮಾರ್ಚ್ 19ರಂದು ಬ್ರಿಟನ್ ವಶದಲ್ಲಿದ್ದ ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ಗುಜರಿ ಕಬ್ಬಿಣ ಬಿಚ್ಚಲು ಹೋದವರು ಅರ್ಜೆಂಟೀನಾ ಬಾವುಟ ಹಾರಿಸಿದರು. ಜಗಳ ಹತ್ತಿಕೊಂಡಿತು. ಬ್ರಿಟನ್ ಎಚ್ಚೆತ್ತುಕೊಳ್ಳುವ ಮೊದಲೇ ಮುಗಿಸೋಣ ಅಂತ ದಾಳಿಯನ್ನು ಬೇಗ ಇಟ್ಟುಕೊಂಡರು. ಅಂದರೆ ಒಂದು ದಿನದ ಗಲಾಟೆಯಲ್ಲ, ಆರು ವರ್ಷ ಕೂಡಿಟ್ಟ ಪಾಪ ಅವರನ್ನು ದೂಡಿತ್ತು.

[ಚಿತ್ರ: ಎಚ್‌ಎಂಎಸ್ ಎಂಡ್ಯುರೆನ್ಸ್ ಹಡಗು]

ಬ್ರಿಟನ್ ಸುಮ್ನೆ ಬಿಡುತ್ತದೆ ಅಂತ ಯಾಕೆ ನಂಬಿದರು? ಖರ್ಚು ಉಳಿಸಲು ಆ ಭಾಗದ ಕಾವಲು ಹಡಗನ್ನು ವಾಪಸ್ ಕರೆಸುವುದಾಗಿ ಬ್ರಿಟನ್ 1981ರಲ್ಲಿ ಹೇಳಿತ್ತು. ಅದೇ ವರ್ಷದ ಪೌರತ್ವ ಕಾಯ್ದೆ ಬಹಳಷ್ಟು ದ್ವೀಪವಾಸಿಗಳಿಗೆ ಪೂರ್ಣ ಬ್ರಿಟಿಷ್ ಪೌರತ್ವ ಕೊಡಲಿಲ್ಲ. ಇನ್ನು ಅಮೆರಿಕ: ಮಧ್ಯ ಅಮೆರಿಕದಲ್ಲಿ ಅದರ ಗುಟ್ಟಿನ ಕೆಲಸಕ್ಕೆ ಅರ್ಜೆಂಟೀನಾ ಕೈಜೋಡಿಸಿತ್ತು. ಹಾಗಾಗಿ ಅದು ತಟಸ್ಥವಾಗಿರುತ್ತದೆ ಅಂದುಕೊಂಡರು. ಕೊನೆಗೆ ಅದು ಬ್ರಿಟನ್ ಪರ ನಿಂತಿತು.

ಅವರಿಗೆ ಹೊಳೆಯದೇ ಹೋದದ್ದು ಇನ್ನೊಂದು. ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ಮುಟ್ಟಿದ್ದ ಬ್ರಿಟನ್ನಿನಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕುರ್ಚಿಯೂ ಅಲ್ಲಾಡುತ್ತಿತ್ತು. ದ್ವೀಪ ಕಳೆದುಕೊಂಡು ಆಕೆ ಉಳಿಯುವ ಹಾಗಿರಲಿಲ್ಲ. 13,000 ಕಿಲೋಮೀಟರ್ ದೂರದಿಂದ ನೌಕಾದಳ ಹೊರಟೇಬಿಟ್ಟಿತು.

ಆಗ ಗಾಲ್ತಿಯೇರಿ ಹಿಂದೆ ಸರಿಯಬಹುದಿತ್ತು ಅಲ್ವಾ? ಆಗಲಿಲ್ಲ. ಏಪ್ರಿಲ್ 10ರಂದು ಅದೇ ಬಾಲ್ಕನಿಯಿಂದ, ಬರುವುದಾದರೆ ಬರಲಿ, ಯುದ್ಧ ಕೊಡುತ್ತೇವೆ ಅಂದ. ಕೆಳಗೆ ಚೌಕ ಮೊರೆಯಿತು. ಆ ಜೈಕಾರವೇ ಅವನ ಕಾಲಿಗೆ ಹಗ್ಗವಾಯಿತು. ಅದೇ ದಿನಗಳಲ್ಲಿ ಆ ತಾಯಂದಿರು ಹಿಡಿದ ಘೋಷಣೆ ಹೀಗಿತ್ತು: ಮಾಲ್ವಿನಾಸ್ ಅರ್ಜೆಂಟೀನಾದ್ದು, ಕಾಣೆಯಾದವರೂ ಅರ್ಜೆಂಟೀನಾದವರೇ. ಇಷ್ಟು ಧೈರ್ಯದ ಮಾತು ನಾನು ಬೇರೆಲ್ಲೂ ಓದಿಲ್ಲ.

ಯುದ್ಧ 74 ದಿನ ನಡೆಯಿತು. ಉತ್ತರದ ಬಿಸಿಲು ಪ್ರಾಂತ್ಯಗಳಾದ ಕೊರ್ರಿಯೆಂತೆಸ್, ಚಾಕೊ ಕಡೆಯಿಂದ ಕಡ್ಡಾಯವಾಗಿ ಸೇನೆಗೆ ಸೇರಿಸಿದ್ದ 18-19ರ ಹುಡುಗರು ಕೊರೆಯುವ ಚಳಿಯಲ್ಲಿ ನೀರು ತುಂಬಿದ ಗುಂಡಿಗಳಲ್ಲಿ ಕೂತಿದ್ದರು. ಹಸಿದಿದ್ದರು. ಅರ್ಜೆಂಟೀನಾದ 649 ಜನ ಸತ್ತರು. ಬ್ರಿಟನ್ನಿನ 255 ಜನ, ಜೊತೆಗೆ ದ್ವೀಪದ ಮೂವರು ಮಹಿಳೆಯರು.

ಜೂನ್ 14ರಂದು ಸೇನೆ ಶರಣಾಯಿತು. ಮರುದಿನ ಚೌಕದಲ್ಲಿ ಮತ್ತೆ ಜನ, ಮತ್ತೆ ಅಶ್ರುವಾಯು. ಕೆಲವೇ ದಿನಗಳಲ್ಲಿ ಗಾಲ್ತಿಯೇರಿ ಇಳಿದ. 1983ರ ಅಕ್ಟೋಬರ್‌ನಲ್ಲಿ ಚುನಾವಣೆ ನಡೆಯಿತು, ಸೇನಾ ಆಡಳಿತ ಮುಗಿಯಿತು.

[ಚಿತ್ರ: ಡಾರ್ವಿನ್ ಸ್ಮಶಾನ, ಬಿಳಿ ಶಿಲುಬೆಗಳ ಸಾಲು]

ದ್ವೀಪದಲ್ಲಿ ಉಳಿದ ಹುಡುಗರ ಎಷ್ಟೋ ಗೋರಿಗಳ ಮೇಲೆ ಹೆಸರಿರಲಿಲ್ಲ. 'ಅರ್ಜೆಂಟೀನಾದ ಸೈನಿಕ, ದೇವರಿಗೆ ಮಾತ್ರ ಗೊತ್ತು' ಅಂತಷ್ಟೇ ಬರೆದಿತ್ತು. 2017ರಲ್ಲಿ ರೆಡ್ ಕ್ರಾಸ್ ಆ ಗೋರಿಗಳನ್ನು ತೆರೆದು ಡಿಎನ್‌ಎ ಪರೀಕ್ಷೆ ಮಾಡಿತು. ಮರುವರ್ಷ ಮಾರ್ಚ್‌ನಲ್ಲಿ ಮನೆಯವರು ಅಲ್ಲಿಗೆ ಹೋದರು. 36 ವರ್ಷದ ನಂತರ ಕಲ್ಲಿನ ಮೇಲೆ ತಮ್ಮ ಹುಡುಗನ ಹೆಸರು ಓದಿದರು.