ಬೆಳಿಗ್ಗೆ ಆರಕ್ಕೆ ನಾಲ್ಕು ಮೇಲ್

[ಪರದೆ: ಇನ್‌ಬಾಕ್ಸ್. ಒಂದೇ ಮೇಲ್ ನಾಲ್ಕು ಸಲ. ಸಮಯ 6:00]

ನಮಸ್ಕಾರ. ಒಂದು ಸಣ್ಣ ಗ್ರಂಥಾಲಯಕ್ಕಾಗಿ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಫ್ಲಾಸ್ಕ್‌ನಲ್ಲಿ ಆ್ಯಪ್ ಬರೆದುಕೊಟ್ಟಿದ್ದೆ. ಪುಸ್ತಕ ಹಿಂದಿರುಗಿಸುವ ಗಡುವು ಬಂದವರಿಗೆ ದಿನವೂ ಬೆಳಿಗ್ಗೆ ಆರಕ್ಕೆ ಮೇಲ್ ಹೋಗಬೇಕು. ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿಯೇ ಹೋಗುತ್ತಿತ್ತು. ಸರ್ವರ್‌ಗೆ ಏರಿಸಿದ ಮರುದಿನ ಹಿರಿಯರೊಬ್ಬರು ಫೋನ್ ಮಾಡಿ, ‘ನಾನು ತಂದದ್ದು ಒಂದೇ ಪುಸ್ತಕವಲ್ಲವೇ? ನಾಲ್ಕು ಮೇಲ್ ಬಂದಿವೆಯಲ್ಲ’ ಎಂದು ಗಾಬರಿಯಿಂದ ಕೇಳಿದರು.

[ಪರದೆ: ಟರ್ಮಿನಲ್. ನಾಲ್ಕು ಪ್ರೊಸೆಸ್, ನಾಲ್ಕು ಬೇರೆ ಬೇರೆ ಐಡಿ]

ಕಾರಣ ಇಲ್ಲಿದೆ, ನೋಡಿ. ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಎಪಿಶೆಡ್ಯೂಲರ್ ಎಂಬ ಲೈಬ್ರರಿಯನ್ನು ನಾನು ಆ್ಯಪ್‌ನ ಒಳಗೇ ಶುರು ಮಾಡಿದ್ದೆ. ಸರ್ವರ್‌ನಲ್ಲಿ ಗುನಿಕಾರ್ನ್ ಎಂಬ, ವೆಬ್ ಆ್ಯಪ್ ನಡೆಸುವ ಪ್ರೋಗ್ರಾಂ ಅದೇ ಆ್ಯಪನ್ನು ನಾಲ್ಕು ವರ್ಕರ್‌ಗಳಲ್ಲಿ ಓಡಿಸುತ್ತಿತ್ತು. ಪ್ರತಿ ವರ್ಕರ್ ಪ್ರತ್ಯೇಕ ಪ್ರೊಸೆಸ್, ಅಂದರೆ ತನ್ನಷ್ಟಕ್ಕೆ ಓಡುವ ಆ್ಯಪ್‌ನ ಒಂದು ನಕಲು. ಪ್ರತಿಯೊಂದರಲ್ಲೂ ಒಂದು ಗಡಿಯಾರ. ಆರು ಹೊಡೆದಾಗ ನಾಲ್ಕೂ ಎದ್ದವು, ಒಂದಕ್ಕೆ ಇನ್ನೊಂದರ ಸುಳಿವಿಲ್ಲ. ವರ್ಕರ್ ಒಂದೇ ಸಾಕೆಂದು ಇಳಿಸಬಹುದು. ಆದರೆ ಸೈಟ್ ನಿಧಾನವಾಗುತ್ತದೆ. ಸರಿಯಾಗಿ ಆರಕ್ಕೇ ಆ ಒಂದು ವರ್ಕರ್ ರೀಸ್ಟಾರ್ಟ್ ಆಗುತ್ತಿದ್ದರೆ ಅಂದು ಯಾರಿಗೂ ಮೇಲ್ ಇಲ್ಲ.

ಹಾಗಾಗಿ ಗಡಿಯಾರವನ್ನು ವೆಬ್ ಪ್ರೊಸೆಸ್‌ನಿಂದ ಹೊರಗಿಡಿ. ದಿನಕ್ಕೊಂದೇ ಕೆಲಸವಾದರೆ ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಲಿನಕ್ಸ್‌ನ ಕ್ರಾನ್ ಧಾರಾಳವಾಯಿತು: ಮೇಲ್ ಕಳುಹಿಸುವುದನ್ನು ಫ್ಲಾಸ್ಕ್‌ನ ಒಂದು ಕಮಾಂಡ್ ಆಗಿ ಬರೆದು, ಕ್ರಾನ್‌ನಿಂದ ಓಡಿಸಿ. ಎಷ್ಟೋ ಆ್ಯಪ್‌ಗಳಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ ಎಂದೇ ನನ್ನ ನಂಬಿಕೆ. ಕೆಲಸಗಳು ಹೆಚ್ಚಿದರೆ, ಅವನ್ನು ಹಿನ್ನೆಲೆಯಲ್ಲಿ ಮಾಡಿಸುವ ಸೆಲರಿ (Celery) ಎಂಬ ಲೈಬ್ರರಿ ಇದೆ. ಅದರಲ್ಲಿ ಬೀಟ್ ಎಂಬ ಭಾಗ ಹೊತ್ತು ನೋಡಿ ಕೆಲಸವನ್ನು ರೆಡಿಸ್ ಎಂಬ ಡೇಟಾ ಸಂಗ್ರಹದ ಸರದಿಗೆ ಹಾಕುತ್ತದೆ, ಸೆಲರಿಯದೇ ವರ್ಕರ್ ಎತ್ತಿಕೊಂಡು ಮಾಡುತ್ತದೆ. ವರ್ಕರ್‌ಗಳು ಎಷ್ಟಾದರೂ ಇರಲಿ, ಬೀಟ್ ಒಂದೇ ಇರಬೇಕು.

[ಪರದೆ: ಗಡಿಯಾರದ ಮುಳ್ಳು 6:00ರಿಂದ 11:30ಕ್ಕೆ]

ಟೈಮ್‌ಝೋನ್ ಮರೆಯಬೇಡಿ. ನೀವು ಏಷ್ಯಾ/ಕೋಲ್ಕತ್ತಾ ಎಂದು ಹೇಳದಿದ್ದರೆ ಸೆಲರಿ ಯುಟಿಸಿಯನ್ನೇ, ಅಂದರೆ ಜಾಗತಿಕ ಪ್ರಮಾಣ ಸಮಯವನ್ನೇ, ಹಿಡಿಯುತ್ತದೆ. ನೀವು ಬರೆದ ಆರು ಗಂಟೆ ನಮ್ಮಲ್ಲಿ ಹನ್ನೊಂದೂವರೆ.

ಇಷ್ಟಾದರೂ ಕೆಲಸ ಅರ್ಧಕ್ಕೆ ನಿಂತು ಮತ್ತೆ ಓಡಬಹುದು. ಅದಕ್ಕೇ ಒಂದು ಟೇಬಲ್ ಮಾಡಿದೆ: ಸದಸ್ಯ, ಪುಸ್ತಕ, ದಿನಾಂಕ. ಈ ಮೂರೂ ಸೇರಿ ಎರಡನೇ ಸಲ ಬರುವಂತಿಲ್ಲ ಎಂದು ಡೇಟಾಬೇಸ್‌ಗೆ ಯುನೀಕ್ ನಿಯಮ ಹಾಕಿದೆ. ಮೊದಲು ಇಲ್ಲಿ ದಾಖಲೆ, ಆಮೇಲೆ ಮೇಲ್. ದಾಖಲಾದ ಮೇಲೆ ಮೇಲ್ ಕೈಕೊಟ್ಟರೆ ಒಬ್ಬರಿಗೆ ಒಂದು ದಿನ ತಪ್ಪುತ್ತದೆ. ಪುಸ್ತಕ ನೆನಪಿಸಲು ಅದು ನಡೆಯುತ್ತದೆ, ಸಂಬಳ ಹಾಕುವ ಕೆಲಸಕ್ಕೆ ನಡೆಯದು.

[ಪರದೆ: ಟರ್ಮಿನಲ್]

ಈಗ ಅದೇ ಕಮಾಂಡನ್ನು ಬೇಕೆಂದೇ ಎರಡು ಸಲ ಓಡಿಸುತ್ತೇನೆ. ಮೊದಲ ಸಲ, 12 ಮೇಲ್. ಎರಡನೆಯ ಸಲ, ಸೊನ್ನೆ.