ಸೇಂತ್ ಶಪೆಲ್: ಕಿಟಕಿಯ ಕೆಳಗಿನ 2 ಮೀಟರ್ ಗಾಜು ಏನಾಯ್ತು?

[ದೃಶ್ಯ: ಮೇಲಂತಸ್ತಿನ ಒಳಭಾಗ. ಕ್ಯಾಮೆರಾ ಕಿಟಕಿಯ ತುದಿಯಿಂದ ಬುಡಕ್ಕೆ ನಿಧಾನವಾಗಿ ಇಳಿಯುತ್ತದೆ]

ಪ್ಯಾರಿಸ್ಸಿನ ಹಳೇ ಅರಮನೆ ಚಾಪೆಲ್ (ಖಾಸಗಿ ಚರ್ಚು) ಸೇಂತ್ ಶಪೆಲ್‌ಗೆ ಹೋದವರೆಲ್ಲ ಕತ್ತೆತ್ತಿ ಅಲ್ಲಿನ ಬಣ್ಣದ ಗಾಜಿನ ಕಿಟಕಿಗಳನ್ನ ನೋಡ್ತಾರೆ. ನಾವು ಬುಡದಿಂದ ಶುರು ಮಾಡೋಣ. ಒಟ್ಟು 1,113 ಚಿತ್ರಗಳಿರೋ ಈ ಗಾಜಿನಲ್ಲಿ ಸುಮಾರು ಮೂರನೇ ಎರಡರಷ್ಟು 13ನೇ ಶತಮಾನದ್ದೇ. ಆದರೆ ಕಿಟಕಿಗಳ ಕೆಳಭಾಗದಲ್ಲಿ, ಹೆಚ್ಚುಕಡಿಮೆ 2 ಮೀಟರ್ ಎತ್ತರದವರೆಗೆ, ಒಮ್ಮೆ ಹಳೇ ಗಾಜನ್ನ ಕಿತ್ತು ಹಾಕಿದ್ರು. ಯುದ್ಧಕ್ಕೂ ಅಲ್ಲ, ಬೆಂಕಿಗೂ ಅಲ್ಲ. ಕಡತ ಇಡೋದಕ್ಕೆ!

[ದೃಶ್ಯ: ಮುಳ್ಳಿನ ಕಿರೀಟದ ಚಿತ್ರ, ಪಕ್ಕದಲ್ಲಿ ಮೊತ್ತಗಳು]

ಈ ಚಾಪೆಲ್ ಕಟ್ಟಿಸಿದ್ದು ಫ್ರಾನ್ಸಿನ ರಾಜ ಒಂಬತ್ತನೇ ಲೂಯಿ, ತನ್ನ ಅರಮನೆಯ ಅಂಗಳದಲ್ಲೇ. ಏಸುವಿನದ್ದು ಅಂತ ನಂಬಿದ್ದ ಮುಳ್ಳಿನ ಕಿರೀಟವನ್ನ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಎರಡನೇ ಬಾಲ್ಡ್‌ವಿನ್ ವೆನಿಸ್ಸಿನ ವ್ಯಾಪಾರಿಗಳ ಹತ್ತಿರ ಒತ್ತೆ ಇಟ್ಟಿದ್ದ. 1239ರಲ್ಲಿ ಲೂಯಿ ಆ ಸಾಲ ತೀರಿಸಿ ಅದನ್ನ ತರಿಸ್ಕೊಂಡ. ಖರ್ಚು 1,35,000 ಲಿವ್ರ್ (ಆಗಿನ ಫ್ರೆಂಚ್ ಹಣ). ಅದನ್ನಿಡೋಕೆ ಕಟ್ಟಿದ ಇಡೀ ಕಟ್ಟಡಕ್ಕೆ ಆಗಿದ್ದು 40,000. ಒಡವೆಗಿಂತ ಪೆಟ್ಟಿಗೆ ಅಗ್ಗ. 1248ರ ಏಪ್ರಿಲ್ 26ಕ್ಕೆ ಪ್ರತಿಷ್ಠೆ ಆಯ್ತು.

ಕೆಳಂತಸ್ತು ಅರಮನೆಯ ಸಿಬ್ಬಂದಿಗೆ; ಅದರ ಎತ್ತರ 6.6 ಮೀಟರ್ ಅಷ್ಟೇ. ಮೇಲಂತಸ್ತು ರಾಜನಿಗೆ, 20.5 ಮೀಟರ್.

[ದೃಶ್ಯ: ಅಡ್ಡಸೀಳು ನಕ್ಷೆ. ಕಬ್ಬಿಣದ ಪಟ್ಟಿಗಳು ಕೆಂಪು ಬಣ್ಣದಲ್ಲಿ]

ಗೋಡೆನೇ ಇಲ್ಲದ ಹಾಗೆ ಕಾಣುತ್ತಲ್ಲ, ಹಾಗಾದ್ರೆ ಚಾವಣಿ ನಿಂತಿರೋದು ಹೇಗೆ? ಕಲ್ಲಿನ ಕಮಾನು ಚಾವಣಿ ಕಂಬಗಳನ್ನ ಸದಾ ಹೊರಕ್ಕೆ ತಳ್ತಾ ಇರುತ್ತೆ. ತಡೆಯೋಕೆ ಹೊರಗಡೆ ದಪ್ಪ ಆಸರೆ ಕಂಬಗಳಿವೆ. ಅದು ಸಾಲದು ಅಂತ ಇಡೀ ಮೇಲಂತಸ್ತಿನ ಸುತ್ತ ಎರಡು ಸುತ್ತು ಕಬ್ಬಿಣ ಬಿಗಿದಿದ್ದಾರೆ, ಗಾಡಿ ಚಕ್ರಕ್ಕೆ ಪಟ್ಟಿ ಬಿಗಿದ ಹಾಗೆ. 15 ಮೀಟರ್ ಎತ್ತರದ ಕಿಟಕಿಗಳನ್ನ ಆ ಪಟ್ಟಿ ದಾಟೋ ಜಾಗದಲ್ಲಿ ಗಾಜು ಹಿಡಿಯೋ ಅಡ್ಡ ಸರಳಿನ ಥರಾನೇ ಕಾಣುತ್ತೆ. ಹೇಳದಿದ್ರೆ ಗೊತ್ತೇ ಆಗಲ್ಲ. ಕಲ್ಲಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿದ್ರೆ ಅದು ಉಬ್ಬುತ್ತೆ, ಕಲ್ಲು ಬಿರಿಯುತ್ತೆ. ಇಂಥ ಕಟ್ಟಡಗಳಿಗೆಲ್ಲ ಇರೋ ಕಾಯಿಲೆ ಇದು.

1630ರ ಬೆಂಕಿಗೆ ಗೋಪುರ ಹೋಯ್ತು. 1690ರ ಸುಮಾರಿಗೆ ಸೇನ್ ನದಿ ಕೆಳಂತಸ್ತಿಗೆ ನುಗ್ಗಿ ಗೋಡೆಯ ಬಣ್ಣ ಹಾಳು ಮಾಡ್ತು.

ನಿಜವಾದ ಹೊಡೆತ ಬಿದ್ದಿದ್ದು ಫ್ರೆಂಚ್ ಕ್ರಾಂತಿಯಲ್ಲಿ. ಕಿರೀಟ ಇಟ್ಟಿದ್ದ ಪೆಟ್ಟಿಗೆಯನ್ನ ಲೋಹಕ್ಕಾಗಿ ಕರಗಿಸಿದ್ರು, ಬೆಂಕಿಯ ನಂತರ ಮತ್ತೆ ಕಟ್ಟಿದ್ದ ಗೋಪುರ ಇಳಿಸಿದ್ರು, ಚಾಪೆಲ್ ಧಾನ್ಯದ ಗೋದಾಮಾಯ್ತು. ಕಿರೀಟ ಮಾತ್ರ ಉಳೀತು. 1806ರಲ್ಲಿ ಹತ್ತಿರದ ನೋತ್ರ್ ದಾಮ್ ಚರ್ಚು ಸೇರ್ಕೊಂಡು, ಅಲ್ಲಿ 2019ರಲ್ಲಿ ಬಿದ್ದ ಬೆಂಕಿಯಲ್ಲೂ ಪಾರಾಯ್ತು.

[ದೃಶ್ಯ: ಕಿಟಕಿಯ ಕೆಳಭಾಗದ ಮೇಲೆ ಬೂದು ಪಟ್ಟಿ, ಮೇಲೆ ‘1803–1837’]

1803ರಲ್ಲಿ ಪಕ್ಕದ ನ್ಯಾಯಾಲಯದ ದಾಖಲೆಗಳು ಮೇಲಂತಸ್ತಿಗೆ ಬಂದವು. ಕೆಂಪು-ನೀಲಿ ಬೆಳಕಲ್ಲಿ ಕಡತ ಓದೋದು ಹೇಗೆ? ಅದಕ್ಕೆ ಕೆಳಗಿನ 2 ಮೀಟರ್ ಬಣ್ಣದ ಗಾಜು ತೆಗೆದ್ರು. ಕೆಲವು ತುಂಡು ಮಾರಾಟವಾಗಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದವರೆಗೂ ಹೋಗಿವೆ. ಇಲ್ಲೊಂದು ಸೂಕ್ಷ್ಮ ಇದೆ. ಈ ಕಿಟಕಿಗಳನ್ನ ಓದೋದು ಕೆಳಗಿಂದ ಮೇಲಕ್ಕೆ. ಅಂದ್ರೆ ಹೋಗಿದ್ದು ಕಥೆಗಳ ಮೊದಲ ಪುಟಗಳು. ಹಾಗಂತ ಗುಮಾಸ್ತರನ್ನ ಪೂರ್ತಿ ಬೈಯೋ ಹಾಗೂ ಇಲ್ಲ. ಉಪಯೋಗಕ್ಕಿದ್ದ ಕಟ್ಟಡವನ್ನ ಯಾರೂ ಕೆಡವಲ್ಲ.

1840ರ ದಶಕದಲ್ಲಿ ದುರಸ್ತಿ ಶುರುವಾಯ್ತು. ವಾಸ್ತುಶಿಲ್ಪಿಗಳಾದ ದ್ಯುಬಾನ್, ಲಾಸ್ಯೂ, ಯುವಕ ವಿಯೊಲೆ ಲ ದ್ಯುಕ್ ಆ ಕೆಲಸದಲ್ಲಿದ್ರು. ಸ್ಟೈನ್‌ಹೈಲ್ ಅನ್ನೋ ಚಿತ್ರಕಾರ ಬರೆದ ಚಿತ್ರಗಳನ್ನ ಮಾದರಿಯಾಗಿಟ್ಕೊಂಡು ಹೊಸ ಗಾಜು ಮಾಡಿ ಖಾಲಿ ಜಾಗ ತುಂಬಿದ್ರು. ಹಳೇದು ಯಾವುದು, ಹೊಸದು ಯಾವುದು ಅಂತ ಬರಿಗಣ್ಣಿಗೆ ಹೇಳೋದು ಕಷ್ಟ. ಈಗಿನ ಗೋಪುರ 1853ರದ್ದು.

[ದೃಶ್ಯ: ಗಾಜಿನ ಮುಖದ ಸಮೀಪ ನೋಟ. ಕಪ್ಪು ಗೆರೆ, ಸೀಸದ ಪಟ್ಟಿ, ಮೇಲ್ಮೈಯ ಗುಳಿಗಳು]

ಇದನ್ನ ಹತ್ತಿರದಿಂದ ನೋಡಿ. ಬಣ್ಣ ಗಾಜಿನೊಳಗೇ ಇದೆ, ಆದರೆ ಮುಖ, ಬಟ್ಟೆಯ ನೆರಿಗೆ ಇವೆಲ್ಲ ಲೋಹದ ಪುಡಿ ಮತ್ತು ಗಾಜಿನ ಪುಡಿ ಕಲಸಿ ಬರೆದು ಕುಲುಮೆಯಲ್ಲಿ ಸುಟ್ಟಿದ್ದು. ತೇವ ಕೂತ್ರೆ ಮೊದಲು ಕಿತ್ತು ಬರೋದು ಹೀಗೆ ಬರೆದ ಗೆರೆಗಳೇ. ಮಧ್ಯಯುಗದ ಗಾಜಲ್ಲಿ ಮರದ ಬೂದಿಯ ಪೊಟ್ಯಾಶ್ ಜಾಸ್ತಿ. ನೀರು ಅದನ್ನ ಎಳ್ಕೊಳ್ಳುತ್ತೆ, ಮೇಲ್ಮೈಯಲ್ಲಿ ಗುಳಿ ಬೀಳುತ್ತೆ.

ಎರಡನೇ ಮಹಾಯುದ್ಧದ ಹೊತ್ತಿಗೆ ರಕ್ಷಣೆಗೆ ಅಂತ ಬಳಿದ ವಾರ್ನಿಷ್ ಕಾಲ ಕಳೆದಂತೆ ಕಪ್ಪಾಗಿ ಹೊಸ ತಲೆನೋವಾಯ್ತು. 2008ರಿಂದ 2015ರವರೆಗೆ ಸುಮಾರು 1 ಕೋಟಿ ಯೂರೋ ಖರ್ಚಲ್ಲಿ ಕಿಟಕಿಗಳನ್ನ ತೊಳೆದು, ಹೊರಗಡೆ ಇನ್ನೊಂದು ಗಾಜು ಹಾಕಿದ್ರು. ಸಪಾಟಾದ ಗಾಜು ಹಾಕಿದ್ರೆ ಹೊರಗಿನಿಂದ ಕನ್ನಡಿ ಥರ ಆಕಾಶ ಮಾತ್ರ ಕಾಣ್ತಿತ್ತು. ಅದಕ್ಕೇ ಬಿಸಿ ಮಾಡಿ ಹಳೇ ಗಾಜಿನ ಉಬ್ಬುತಗ್ಗಿಗೆ ತಕ್ಕ ಹಾಗೆ ಬಗ್ಗಿಸಿದ್ರು. ಮಳೆ, ಗಾಳಿ ಈಗ ಹೊಸ ಗಾಜಿಗೆ ಬಡಿಯುತ್ತೆ.

[ದೃಶ್ಯ: ನ್ಯಾಯಾಲಯದ ಪ್ರವೇಶದ್ವಾರ, ನಂತರ ಮೇಲಂತಸ್ತಿನ ನೆಲನಕ್ಷೆ]

ಈಗ ಇದು ಸರ್ಕಾರದ ಸ್ಮಾರಕ, ಟಿಕೆಟ್ ಬೇಕು. ಸಂಗೀತ ಕಛೇರಿಗಳೂ ನಡೆಯುತ್ತವೆ. ನ್ಯಾಯಾಲಯದ ಆವರಣದೊಳಗೇ ಇರೋದರಿಂದ ತಪಾಸಣೆ ಬಿಗಿ, ಚಾಕು-ಕತ್ತರಿ ತರಬೇಡಿ. ಮೇಲೆ ಹೋದ್ಮೇಲೆ ಬಾಗಿಲಿಗೆ ಬೆನ್ನು ಮಾಡಿ ನಿಂತು, ಎಡಗಡೆಯ ಮೊದಲ ಕಿಟಕಿಯಿಂದ ಹೊರಡಿ; ಅದು ಸೃಷ್ಟಿಯ ಕಥೆ. ಒಂದು ಸುತ್ತು ಬಂದು ಬಲಗಡೆಯ ಕೊನೇ ಕಿಟಕಿಗೆ ತಲುಪಿದ್ರೆ, ಲೂಯಿ ಆ ಕಿರೀಟವನ್ನ ಪ್ಯಾರಿಸ್ಸಿಗೆ ತರ್ತಿರೋದು ಅಲ್ಲೇ ಸಿಗುತ್ತೆ.